ಛೀರಾಯರೂ ಗಾಳಿಕುದುರೆಯೂ

ಮುದ್ರಣಾಲಯದಲ್ಲಿ ಅವರನ್ನು ಎಲ್ಲರೂ ಛೀರಾಯರು ಎನ್ನುತ್ತಿದ್ದರು. ಯಾವ ಪುಸ್ತಕದ ಪ್ರೂಫ್ ತಿದ್ದಲು ಬಂದರೂ ಅವರ ಬಾಯಿಂದ ಹೊರಡುವ ಮೊದಲ ಮಾತು ಅದೇ. ಕಥೆಗಳೆಂದರೆ ಛೀ, ಮಕ್ಕಳ ಕಥೆಗಳೆಂದರೆ ಛೀ ಛೀ. ಕಥೆಯ ಮೋಡಿಗೆ ಸಿಕ್ಕಿದ ಕಣ್ಣಿಗೆ ತಪ್ಪು ಕಾಣುವುದಿಲ್ಲವೆಂದು ಅವರು ಹಾಳೆಯ ಮೇಲೆ ರಟ್ಟಿನ ಪಟ್ಟಿಯಿಟ್ಟು, ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಿದ್ದರು.

ಹಿಂದೊಮ್ಮೆ ಅವರ ಜೊತೆಗಾರನೊಬ್ಬ, ಪತ್ತೇದಾರಿ ಕಥೆಯೊಂದನ್ನು ತಿದ್ದುವಾಗ ಕಳ್ಳ ಯಾರೆಂದು ತಿಳಿಯುವ ಆತುರದಲ್ಲಿ, ಪ್ರೂಫ್ ಕಟ್ಟಿನ ಅಡಿಯಿಂದ ಹಾಳೆಯೊಂದನ್ನು ಎಳೆದು ನೋಡಿ, ಮತ್ತೆಲ್ಲೋ ತುರುಕಿಬಿಟ್ಟಿದ್ದ. ಹಾಳೆಗಳಿಗೆ ಪುಟಸಂಖ್ಯೆ ಬೀಳುವುದು ಪ್ರೂಫ್ ಒಪ್ಪಿಸಿದ ಮೇಲೆ. ಪುಸ್ತಕ ಹಾಗೆಯೇ, ಪುಟ ಅದಲುಬದಲಾಗಿ, ಅಚ್ಚಾಯಿತು. "ಬಾಯಿಚಪಲ ಕೇಳಿದ್ದೆ, ಕಣ್ಣುಚಪಲ ಅವನಲ್ಲೇ ಕಂಡಿದ್ದು!" ಎಂದು ಛೀರಾಯರು ಮನೆಯಲ್ಲಿ ವರ್ಷಗಟ್ಟಲೆ ಹೇಳಿ ನಕ್ಕಿದ್ದರು.

ಅವರ ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುವಾಕೆ. ಆಕೆಗೆ 'ಗಾಳಿಕುದುರೆ' ಎಂಬ ಮಕ್ಕಳ ಕಥಾಮಾಲೆಯೆಂದರೆ ಪ್ರಾಣ. ಅದು ಅಚ್ಚಾಗುತ್ತಿದ್ದುದೂ ಗಂಡನ ಮುದ್ರಣಾಲಯದಲ್ಲೇ. ಮೊದಲ ಭಾಗದಲ್ಲಿ ಹಾಲುಹಲ್ಲು ಬಿದ್ದ ಹುಡುಗ, ಮಾತಾಡುವ ಕುದುರೆ, ಹೊಟ್ಟೆ ಹುಣ್ಣಾಗುವಷ್ಟು ನಗು. ಭಾಗಗಳು ಬಂದಂತೆ ಹುಡುಗನಿಗೆ ಮೀಸೆ ಚಿಗುರಿತು. ಗೆಳೆಯನೇ ಬೆನ್ನಿಗೆ ಚೂರಿ ಹಾಕಿದ. ಕುದುರೆಗೆ ಮುಪ್ಪು ಬಂತು.

"ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ನಿಂಗೆ ಕುದುರೆಯಾಟ! ಗಿಲಕಿ ತಂದ್ಕೊಡ್ಲೇನೇ?"

"ತನ್ನಿ. ಅಷ್ಟರಲ್ಲಿ ಈ ಅಧ್ಯಾಯ ಮುಗಿಯುತ್ತೆ."

"ಕುದುರೆ ಮಾತಾಡುತ್ತಂತೆ! ನಂಬೋ ಕತ್ತೆಗಳಿರೋವಾಗ ಆಡದೇನು?"

"ನೀವಿಷ್ಟು ಹೊತ್ತು ಮಾತಾಡಿದ್ದನ್ನ ನಾನು ಕೇಳಿಸ್ಕೊಂಡಿಲ್ವೇ? ಕುದುರೆ ಮಾತಾಡೋದು ಹೆಚ್ಚೇ?"

ಐದನೆಯ ಭಾಗದ ಪ್ರೂಫ್ ಬಂದಿತೆಂದು ತಿಳಿದಾಗ ಮಾತ್ರ ಆಕೆ ಬೇಡಿಕೊಂಡಳು: "ಕುದುರೆ ಉಳಿಯುತ್ತೋ ಇಲ್ವೋ, ದಯವಿಟ್ಟು ಬಾಯಿ ಬಿಡ್ಬೇಡಿ ರೀ. ವರ್ಷದಿಂದ ಕಾದಿದ್ದೀನಿ. ನಾನೇ ಓದಿ ತಿಳ್ಕೋಬೇಕು."

"ಬಾಯಿ ಬಿಡೋಕೆ ನಾನು ಅದನ್ನ ಓದಿದ್ರೆ ತಾನೇ? ಛೀ!"

ಮರುದಿನ ಛೀರಾಯರು ಮೇಜಿನ ಮುಂದೆ ಕುಳಿತು ಹಾಳೆಯ ಮೇಲೆ ಪಟ್ಟಿಯಿಟ್ಟರು. ಹಾಳೆಯ ಕೊನೆಯ ಸಾಲಿನಲ್ಲಿ ಕುದುರೆ ಹೇಳುತ್ತಿತ್ತು: 'ಇನ್ನು ಇಳಿ, ಮಗು. ಮುಂದೆ ನೀನೇ ನಡೆ.' ಯಾಕೆ ಹಾಗೆಂದಿತು? ಅದಷ್ಟನ್ನೇ ತಿಳಿಯೋಣವೆಂದು ಹಾಳೆಯ ತಲೆಯಿಂದ ಓದಿದರು. ಪಟ್ಟಿ ಪಕ್ಕಕ್ಕೆ ಸರಿಯಿತು. ಕೈ ಮೆಲ್ಲನೆ ಕಟ್ಟಿನ ಅಡಿಗೆ ಹೋಯಿತು. ಅಲ್ಲಿ ಸಿಕ್ಕಿದ ಹಾಳೆಯಲ್ಲಿ ಕುದುರೆ ಸತ್ತಿತ್ತು. ಅತ್ತಿತ್ತ ನೋಡಿ, ಕನ್ನಡಕ ಒರೆಸಿ, ಎಲ್ಲರಿಗೂ ಕೇಳುವಂತೆ "ಛೀ!" ಎಂದು ಹಾಳೆಯನ್ನು ಸಿಕ್ಕಲ್ಲಿ ತುರುಕಿದರು.

ಪುಸ್ತಕ ಮನೆಗೆ ಬಂದ ಸಂಜೆ ಹೊಲಿಗೆಯಂತ್ರದ ಸದ್ದಿರಲಿಲ್ಲ.

"ರೀ, ಈ ಪುಟದಲ್ಲಿ ಕುದುರೆ ಸತ್ತಿದೆ. ಮುಂದಿನ ಪುಟದಲ್ಲಿ ಎದ್ದು ಹೊಳೆ ದಾಟ್ತಿದೆ."

"ಮಕ್ಕಳ ಕಥೆ ಕಣೇ. ಸತ್ತ ಕುದುರೆಯೂ ಈಜುತ್ತೆ."

"ಈಜಲ್ಲ. ಇದು ಕಟ್ಟಿನ ಅಡಿಯಿಂದ ಎಳೆದ ಹಾಳೆ. ಕಣ್ಣುಚಪಲ ಅಂತ ಯಾರೋ ನಗ್ತಿದ್ರಲ್ಲ?"

ಛೀರಾಯರು ಕನ್ನಡಕ ತೆಗೆದು ಒರೆಸತೊಡಗಿದರು.

"ನೀವು ಓದಿದ್ದಕ್ಕೆ ನಂಗೆ ಖುಷಿನೇ. ಆದರೆ ಮೂರನೇ ಕ್ಲಾಸಿನ ಮಕ್ಕಳೂ ಹೀಗೆ ಹಾರಿ ಹೋಗಿ ಕೊನೆ ನೋಡಲ್ಲ. ನಾನು ವರ್ಷ ಕಾದಿದ್ದನ್ನ ಮಣ್ಣುಪಾಲು ಮಾಡಿದ್ರಲ್ಲ. ಛೀ!"

ಆ ಮನೆಯಲ್ಲಿ ಆ ಮಾತು ಬೇರೊಬ್ಬರ ಬಾಯಿಂದ ಬಂದದ್ದು ಅದೇ ಮೊದಲು. ಆಕೆ ಯಂತ್ರದ ಮುಂದೆ ಕುಳಿತು ರಪರಪನೆ ತುಳಿಯತೊಡಗಿದಳು. ಬಹಳ ಹೊತ್ತಿನ ಮೇಲೆ ಹಿಂದಿನಿಂದ ಸಣ್ಣ ದನಿಯೊಂದು ಕೇಳಿಸಿತು:

"ಆ ಕುದುರೆ... ಮೊದಮೊದಲು ಹೇಗಿತ್ತೇ?"

ಆಕೆ ತಿರುಗಿಯೂ ನೋಡದೆ ಕತ್ತರಿಯಿಂದ ಕಪಾಟು ತೋರಿಸಿದಳು.

"ಮೊದಲನೇ ಭಾಗ ಅಲ್ಲಿದೆ. ಮೇಲಿಂದ ಕೆಳಗೆ ಓದಿ."