ಅಳುವ ಮಗುವಿನ ಉದ್ದ ಅಳೆಯುವ ಸುಂದರಿ ಟೀಚರ್

ಬೆಳಗ್ಗೆ ಆರೂಕಾಲು. ಶಿರ್ತಾಡಿಯಿಂದ ಒಳಗೆ ಹೋಗುವ ಮಣ್ಣುದಾರಿಯಲ್ಲಿ ಅಂಗನವಾಡಿಯ ಸುಂದರಿ ಟೀಚರ್ ಸರಸರನೆ ನಡೆಯುತ್ತಿದ್ದಾರೆ. ಕೈಯಲ್ಲಿ ತೂಕದ ಯಂತ್ರ, ಕಂಕುಳಲ್ಲಿ ಮಗುವನ್ನು ಮಲಗಿಸಿ ಉದ್ದ ಅಳೆಯುವ ಹಲಗೆ. ಏಳಕ್ಕೆ ಗೇರುಬೀಜ ಕಾರ್ಖಾನೆಯ ವ್ಯಾನು ಬಂದರೆ ಕಾಂತಿ ಕೆಲಸಕ್ಕೆ ಹೊರಟುಬಿಡುತ್ತಾಳೆ. ಆಮೇಲೆ ಅವಳ ಹದಿನಾಲ್ಕು ತಿಂಗಳ ಮಗಳು ಮೋಕ್ಷಿತಾಳ ತಲೆಯನ್ನು ಅಳೆಯುವಾಗ ಅಲುಗದಂತೆ ಹಿಡಿಯಲು ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿ ಮಾತ್ರ.

ಹಲಗೆ ತಣ್ಣಗಿದೆ. ಮಗು ಕಿರುಚುತ್ತದೆ, ಕಾಲು ಮಡಚುತ್ತದೆ. "ಪಾಪ, ಬಿಡಿ ಟೀಚರೇ," ಎನ್ನುತ್ತಾಳೆ ಕಾಂತಿ. ಟೀಚರ್ ಬಿಡುವುದಿಲ್ಲ. ಮಂಡಿ ಒತ್ತಿ, ಕಾಲು ನೇರ ಮಾಡಿಯೇ ಅಳೆಯುತ್ತಾರೆ. ಎಪ್ಪತ್ತೆರಡೂವರೆ ಸೆಂಟಿಮೀಟರ್. ತೂಕ ಆರು ಕಿಲೋ ನಾನೂರು ಗ್ರಾಂ. ಮೊಬೈಲಿಗೆ ಹಾಕಿದೊಡನೆ ಮಗುವಿನ ಹೆಸರು ಕೆಂಪಾಗುತ್ತದೆ. ಕೆಂಪೆಂದರೆ ತೀವ್ರ ಅಪೌಷ್ಟಿಕತೆ.

ದೆಹಲಿಯಲ್ಲಿ ನಾಲ್ಕಾರು ಇಲಾಖೆಗಳು ಒಂದೇ ಮೇಜಿಗೆ ಕೂತು ಮಕ್ಕಳ ಹಸಿವಿಗೆ ಯೋಜನೆ ಹಾಕುತ್ತವೆ. ಅದು ಬೆಂಗಳೂರು, ಮಂಗಳೂರು, ತಾಲೂಕು ಎಂದು ಮೆಟ್ಟಿಲಿಳಿದು ಕಡೆಗೆ ಬಂದು ನಿಲ್ಲುವುದು ಈ ಐವತ್ತೊಂಬತ್ತರ ಹೆಂಗಸಿನ ಎರಡು ಕೈಗಳಲ್ಲಿ. ಅಂಗನವಾಡಿಯಲ್ಲಿ ಮೂವತ್ತೊಂದು ವರ್ಷದ ಸೇವೆ. ಇಪ್ಪತ್ತಮೂರು ಮಕ್ಕಳು, ನಾಲ್ವರು ಬಸುರಿಯರು, ಹನ್ನೆರಡು ದಾಖಲೆ ಪುಸ್ತಕ, ಅವೆಲ್ಲವನ್ನೂ ಮತ್ತೆ ತುಂಬಬೇಕಾದ ಒಂದು ಮೊಬೈಲು. ಕೆಲಸ ಬೆಟ್ಟದಷ್ಟು, ಹೆಸರು ಹೇಳುವವರು ಯಾರೂ ಇಲ್ಲ.

ಆದರೆ ಸುಂದರಿಯವರನ್ನು ದಣಿಸಿರುವುದು ಕೆಲಸವಲ್ಲ. ಮೂರು ವರ್ಷದ ಹಿಂದೆ ತರುಣ್ ಎಂಬ ಮಗುವಿತ್ತು. ಅದೂ ಹೀಗೆಯೇ ಅತ್ತಿತ್ತು. ಪಾಪ ಎಂದು ಟೀಚರ್ ಮಂಡಿ ಒತ್ತಲಿಲ್ಲ. ಮಡಚಿದ ಕಾಲಿಗೇ ಅಳತೆ ಬರೆದುಕೊಂಡರು. ಉದ್ದ ಮೂರು ಸೆಂಟಿಮೀಟರ್ ಕಡಿಮೆಯಾಯಿತು. ಇಷ್ಟು ಗಿಡ್ಡ ಮಗುವಿಗೆ ಈ ತೂಕ ಸಾಕು ಎಂದು ಮೊಬೈಲು ಹಸಿರು ತೋರಿಸಿತು. ಹಸಿರು ಮಗುವಿನ ಬಗ್ಗೆ ಮೇಲಿನವರು ಯಾಕೆ ಕೇಳುತ್ತಾರೆ? ಎರಡು ತಿಂಗಳಲ್ಲಿ ವಾಂತಿಭೇದಿ ಹಿಡಿದು ಮಗು ಆಸ್ಪತ್ರೆ ಸೇರಿತು, ಮನೆಗೆ ಮರಳಲಿಲ್ಲ.

"ಆಸ್ಪತ್ರೆಯಲ್ಲಿ ನರ್ಸಮ್ಮ ಅಳೆಯುವಾಗ ನಾನು ಅಲ್ಲೇ ಇದ್ದೆ," ಎನ್ನುತ್ತಾರೆ. "ಮಗು ನೇರ ಮಲಗಿತ್ತು. ಕಾಲು ಮಡಚ್ಲಿಕ್ಕೆ ಅದಕ್ಕೆ ಶಕ್ತಿ ಇರ್ಲಿಲ್ಲ. ನಾನು ಬರೆದದ್ದಕ್ಕಿಂತ ಮೂರು ಸೆಂಟಿಮೀಟರ್ ಜಾಸ್ತಿ ಬಂತು. ಪಾಪ ಅಂತ ಬಿಟ್ಟವಳು ನಾನೇ ಅಲ್ವಾ?" ಯಾರೂ ಅವರನ್ನು ದೂರಲಿಲ್ಲ. ಯಾರಿಗೂ ಗೊತ್ತೇ ಇರಲಿಲ್ಲ. ಅದೇ ಅವರಿಗೆ ದೊಡ್ಡ ಶಿಕ್ಷೆ.

ಈಗ ಮೋಕ್ಷಿತಾಳನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಹದಿನಾಲ್ಕು ದಿನ ಔಷಧಿ, ಆಹಾರ, ಆರೈಕೆ; ತಾಯಿ ಜೊತೆಗಿರಬೇಕು.

"ಹದಿನಾಲ್ಕು ದಿನ ಹೋಗದಿದ್ರೆ ಕೆಲಸಕ್ಕೆ ಬೇರೆಯವರನ್ನು ತಗೊಳ್ತಾರೆ," ಎನ್ನುತ್ತಾಳೆ ಕಾಂತಿ. "ಮತ್ತೆ ಇದಕ್ಕೆ ಏನು ತಿನ್ನಿಸ್ಲಿ?"

"ನಾನು ಬಂದು ನಿಮ್ಮ ಹಾಜರಿ ಬರೆಯುವ ರೈಟರ ಹತ್ರ ಮಾತಾಡ್ತೇನೆ. ಒಟ್ಟಿಗೆ ಹೋಗುವ ಮಾರಾಯ್ತಿ."

ವ್ಯಾನು ಹಾರ್ನ್ ಹಾಕುತ್ತದೆ. ಕಾಂತಿ ಮಗುವನ್ನು ಅಜ್ಜಿಯ ಮಡಿಲಿಗಿಟ್ಟು ಓಡುತ್ತಾಳೆ. ತಿರುಗಿ ನೋಡುವುದಿಲ್ಲ. ನೋಡಿದರೆ ಹೋಗಲಾಗದು ಎಂದು ಅವಳಿಗೂ ಗೊತ್ತು, ಟೀಚರಿಗೂ ಗೊತ್ತು.

ಸುಂದರಿ ಜಗಲಿಯಲ್ಲೇ ಕೂತು, ಅಂಗನವಾಡಿಯಿಂದ ತಂದ ಪುಷ್ಟಿ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಮಗುವಿನ ಬಾಯಿಗಿಡುತ್ತಾರೆ. ಎರಡು ಚಮಚ ಒಳಗೆ, ಒಂದು ಹೊರಗೆ. ಸಂಜೆ ರೈಟರನ್ನು ಕಾಣಲು ಕಾರ್ಖಾನೆಯ ಗೇಟಿಗೆ ಹೋಗುವುದೆಂದು ನಿಶ್ಚಯವಾಗಿದೆ. ನಾಳೆ ಬೆಳಗ್ಗೆ ಪುನಃ ಇಲ್ಲಿಗೇ.

ಕೆಂಪು ಮಕ್ಕಳು ಹೆಚ್ಚಾದರೆ ತಿಂಗಳ ಮೀಟಿಂಗಿನಲ್ಲಿ ಮೇಲಿನವರು ಟೀಚರನ್ನೇ ನಿಲ್ಲಿಸಿ ಕೇಳುತ್ತಾರಂತೆ. ಈ ಸಲವೂ ಕೇಳಬಹುದು.

"ಕೇಳಲಿ, ಬೈಯಲಿ," ಎನ್ನುತ್ತಾರೆ ಸುಂದರಿ, ಮಗುವಿನ ಗಲ್ಲ ಒರೆಸುತ್ತ. "ಬೈಸಿಕೊಂಡರೂ ಈ ಸಲ ಮಗು ಉಂಟಲ್ಲ."