ಪ್ರಭು ಭೋಜನಕ್ಕೆ ಕೈ ಒಡ್ಡಿದ ತಿಪ್ಪೇಶಿ

ಭಾನುವಾರ ಬೆಳಿಗ್ಗೆ ಚಿತ್ರದುರ್ಗದಲ್ಲಿ ಹೊಳಲ್ಕೆರೆ ಬಸ್ಸು ಹತ್ತಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಹಿಂದಿನ ವಾರ ತಿಪ್ಪೇಶಿ ಎಂಬ ಕುರಿಗಾರ ನಮ್ಮ ಪತ್ರಿಕೆಯ ಕಚೇರಿಗೆ ದೂರು ತಂದಿದ್ದ. ಅವನ ಹೆಂಡತಿ ಗಂಗಮ್ಮ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾಗಿದ್ದಳು.

"ಅಲ್ಲಿ ಚರ್ಚಿನಾಗೆ ಲೋಟದಾಗೆ ಏನೋ ಕುಡಿಸ್ತಾರೆ ಸಾರ್. ಕುಡಿದು ಬಂದ್ಮೇಲೆ ನಾನು ಎಷ್ಟು ಬೈದ್ರೂ ತಿರುಗಿ ಬೈಯಲ್ಲ. ನಮ್ಮ ಮನೇಲಿ ಇದು ನಡೆಯೋ ಮಾತಾ?" ಎಂದಿದ್ದ. ನಾನು ಕಣ್ಣಾರೆ ನೋಡಬೇಕು. ಮೋಸ ಕಂಡರೆ ಅವಳು ಇನ್ನು ಅಲ್ಲಿಗೆ ಹೋಗಲು ಮನೆಯ ಹೊಸಿಲು ದಾಟುವಂತಿಲ್ಲ. ಇದು ಅವನ ಷರತ್ತು. ಷರತ್ತು ನನ್ನದಲ್ಲದಿದ್ದರೂ ಅನುಮಾನ ನನಗೂ ಇತ್ತು.

ಒಂದು ಗಂಟೆಯಲ್ಲಿ ಹೊಳಲ್ಕೆರೆ ಮುಟ್ಟಿದೆ. ಗಂಡ ಹೆಂಡತಿ ನಿಲ್ದಾಣದಲ್ಲೇ ಕಾಯುತ್ತಿದ್ದರು. ಮಂಡಕ್ಕಿ, ಮೆಣಸಿನಕಾಯಿ ತಿಂದು, ಬಿ.ದುರ್ಗದ ಕಡೆಯ ಬಸ್ಸು ಹಿಡಿದು ನಡುವೆ ಒಂದು ಹಳ್ಳಿಯಲ್ಲಿ ಇಳಿದೆವು. ಗಂಗಮ್ಮ ಏನೂ ತಿಂದಿರಲಿಲ್ಲ.

ಕ್ರೈಸ್ತರ ಹೆಂಚಿನ ಸಣ್ಣ ದೇವಾಲಯ. ಚಪ್ಪಲಿ ಹೊರಗೆ, ಒಳಗೆ ಚಾಪೆಯ ಮೇಲೆ ಒಂದು ಕಡೆ ಗಂಡಸರು, ಇನ್ನೊಂದು ಕಡೆ ಸೆರಗು ಹೊದ್ದ ಹೆಂಗಸರು. ಬಾಗಿಲಲ್ಲಿ ಒಬ್ಬ ಮುದುಕ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಪೊಲೀಸ್ನೋರಾ?" ಎಂದ.

"ಅಲ್ಲ, ಪೇಪರಿನವನು."

"ಪೊಲೀಸ್ನೋರೇ ವಾಸಿ ಬಿಡಪ್ಪ. ಕೇಳಿ ಹೋಗ್ತಾರೆ, ಬರೆಯಲ್ಲ."

ಆರಾಧನೆಗೆ ಮುಂಚೆ ಲೋಟದಲ್ಲಿ ಏನಿದೆ ಎಂದು ಸಭಾಪಾಲಕರನ್ನು, ಎಂದರೆ ಅಲ್ಲಿನ ಪಾದ್ರಿಯನ್ನು, ಕೇಳಿದೆ. ಅವರು ಪಾತ್ರೆಯನ್ನೇ ಮುಂದಿಟ್ಟರು. "ಒಣದ್ರಾಕ್ಷಿ ಕುದಿಸಿದ ನೀರು. ಮೂಸಿ ನೋಡ್ರಿ." ಮೂಸಿದೆ. ದ್ರಾಕ್ಷಿಯ ವಾಸನೆಯೇ. ಇಷ್ಟು ಸಲೀಸಾಗಿ ತೋರಿಸಿದ್ದು ಕಂಡು ನನ್ನ ಅನುಮಾನ ಹೆಚ್ಚಿತೇ ಹೊರತು ಇಳಿಯಲಿಲ್ಲ.

ಹಾಡು, ಪಾಠ, ಉಪದೇಶ ಮುಗಿದವು. ಯೇಸುವಿನ ನೆನಪಿಗೆ ತಿಂಗಳಿಗೊಮ್ಮೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭು ಭೋಜನದ ಹೊತ್ತಿಗೆ ಸಭಾಪಾಲಕರು, "ಯಾರ ಜೊತೆಗಾದರೂ ಮನಸ್ತಾಪ ಇದ್ದವರು ಮೊದಲು ಅದನ್ನು ಸರಿಮಾಡಿಕೊಂಡು ಬನ್ನಿ" ಎಂದರು. ಜನ ಸಾಲಾಗಿ ಎದ್ದರು. ನನ್ನ ಪಕ್ಕದಲ್ಲಿದ್ದ ತಿಪ್ಪೇಶಿಯೂ ಎದ್ದ. ನಾನು ಅಂಗಿ ಹಿಡಿದು ಎಳೆದೆ.

"ಪ್ರಸಾದ ಕೊಡುವಾಗ ಕುಂತಿರಾಕೆ ಆಗ್ತೈತಾ ಸಾರ್? ಬ್ಯಾಡ ಅನ್ನಬಾರ್ದು" ಎಂದು ಹೋಗಿ, ಎಡಗೈ ಮೇಲೆ ಬಲಗೈ ಇಟ್ಟು ಒಡ್ಡಿದ.

ಸಭಾಪಾಲಕರು ರೊಟ್ಟಿ ಕೊಡಲಿಲ್ಲ. ತಗ್ಗಿದ ದನಿಯಲ್ಲಿ, "ಇದು ದೀಕ್ಷಾಸ್ನಾನ ಆದವರಿಗೆ ಮಾತ್ರ, ತಿಪ್ಪೇಶಣ್ಣ" ಎಂದರು.

"ಎಲ್ರನ್ನೂ ಎಳ್ಕಂತೀರಿ ಅಂದ್ಕಂಡಿದ್ದೆ. ಕೈ ಒಡ್ಡಿದೋನಿಗೆ ಇಲ್ಲ ಅಂತೀರಾ? ನಮ್ಮ ಗುಡೀಗೆ ನೀವು ಬಂದಿದ್ರೆ ಹಿಂಗ್ ಮಾಡ್ತಿದ್ವಾ?" ಎಂದು ಕೂಗಿ ಅವನು ಹೊರಗೆ ನಡೆದ.

ಅಷ್ಟರಲ್ಲಿ ಗಂಗಮ್ಮನ ಸರದಿ ಬಂದಿತ್ತು. ರೊಟ್ಟಿ ಅಂಗೈ ಮೇಲೆ ಬೀಳುವ ಮೊದಲೇ ಅವಳು ಕೈ ಮಡಚಿ ಬಾಗಿಲಿನತ್ತ ತಿರುಗಿದಳು. ಗಂಡನ ಹೆದರಿಕೆ ಎಂದುಕೊಂಡೆ. ನನಗೆ ಕಾಣಲೆಂದೇ ಆಡಿದ ನಾಟಕವಿರಬಹುದೇ ಎಂದೂ ಅನಿಸಿತು. ಹಿಂದೆಯೇ ಹೋದೆ.

ಹೊರಗೆ ಬೇವಿನ ಮರದ ಕೆಳಗೆ ತಿಪ್ಪೇಶಿ ಅವಳನ್ನು ತಡೆದು, "ಲೇ, ನೀನ್ಯಾಕೆ ಬಿಟ್ಟೆ? ಅವ್ರು ಬ್ಯಾಡ ಅಂದ್ರಾ?" ಎಂದ.

"ಇಲ್ರಿ. ನಿಮಗೆ ಸಿಟ್ಟು ಬಂದೈತೆ. ಅದನ್ನ ಹಂಗೇ ಬಿಟ್ಟು ನಾನು ಹೆಂಗ್ ತಗಳ್ಳಿ?"

"ಬೆಳಗಿಂದ ಉಪಾಸ ಇದ್ದೀಯಲ್ಲೇ."

"ಬರೋ ತಿಂಗಳು ತಗಂಡ್ರಾಯ್ತು. ನೀವು ಕಳ್ಸಿದ್ರೆ."

ಅವನು ನನ್ನ ಮುಖ ನೋಡಿದ. ಮೋಸ ಏನಾದರೂ ಕಂಡಿತೇ ಎಂಬ ಪ್ರಶ್ನೆ ಅದು. ಕಾಣಲಿಲ್ಲ ಎಂದೆ, ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ ಎಂದೂ ಸೇರಿಸಿದೆ. ಅವನು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಹೋಗಾಣ ನಡಿ, ಹೋಟ್ಲಾಗೆ ಏನಾರ ತಿನ್ನು" ಎಂದ ಹೆಂಡತಿಗೆ. ನಾಲ್ಕು ಹೆಜ್ಜೆ ಹೋಗಿ, ದೇವಾಲಯದ ಕಡೆ ಕೈ ತೋರಿಸಿ ನನಗೆ ಹೇಳಿದ: "ಬರೋ ತಿಂಗಳು ನಾನೇ ಕರ್ಕಂಡ್ ಬರ್ತೀನಿ ಸಾರ್. ಒಳಗೆ ಬರಲ್ಲ, ಕೈ ಒಡ್ಡಲ್ಲ. ಇಲ್ಲೇ ಕುಂತು ನೋಡ್ತಿರ್ತೀನಿ. ಆದ್ರೆ ಆ ಬಾಗ್ಲು ಮಾತ್ರ ಮುಚ್ಚಬಾರ್ದು, ಅವ್ರಿಗೆ ನೀವೇ ಹೇಳಿಬಿಡ್ರಿ."