ಜೋಳದ ಚೀಲದೊಳಗಿನ ಪರ್ಸಿಮನ್

ಹಣ್ಣನ್ನು ಕೊಳ್ಳುವ ಮುನ್ನ ಹೆಬ್ಬೆರಳಿನಿಂದ ಒತ್ತಿ ನೋಡುವುದು ಮನುಷ್ಯಕುಲದ ಅತಿ ಪುರಾತನ ಪರೀಕ್ಷಾಪದ್ಧತಿ. ಗಟ್ಟಿಯಿದ್ದರೆ ಉತ್ತೀರ್ಣ, ಮೆತ್ತಗಿದ್ದರೆ ಅನುತ್ತೀರ್ಣ. ವೃತ್ತಿಯಿಂದ ಮಾಸ್ತರನಾದ ನಾನು ಪರೀಕ್ಷೆಗಳನ್ನು ಪ್ರಶ್ನಿಸುವ ಜಾತಿಯವನಲ್ಲ.

ಎಪ್ಪತ್ತರ ದಶಕದ ಕೊನೆಗೆ ನಮ್ಮ ಯಲಬುರ್ಗಾದಲ್ಲಿ 'ಹೈಬ್ರಿಡ್' ಎಂಬ ಶಬ್ದಕ್ಕೆ ಮಂತ್ರದ ಮಹಿಮೆಯಿತ್ತು. ಜೋಳ ಹೈಬ್ರಿಡ್, ಹತ್ತಿ ಹೈಬ್ರಿಡ್. ನನ್ನ ಹಿತ್ತಲೊಂದೇ ಜವಾರಿಯಾಗಿ ಉಳಿದದ್ದು ನನಗೆ ಅವಮಾನವೆನಿಸಿತ್ತು. ಆದ್ದರಿಂದ ನೀಲಗಿರಿಗೆ ಪ್ರವಾಸ ಹೋದಾಗ ಮಿಶ್ರತಳಿಯದೆಂದು ನಂಬಿ ಪರ್ಸಿಮನ್ ಎಂಬ ಪರದೇಶಿ ಹಣ್ಣಿನ ಸಸಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಟೊಮ್ಯಾಟೊದಂತೆ ಕೆಂಪು, ಜೇನಿನಂತೆ ಸಿಹಿ ಎಂದಿದ್ದ ಮಾರಿದವನು. ಯಾವಾಗ ತಿನ್ನಬೇಕೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

"ಹೈಬ್ರಿಡ್ ಜೋಳದ ರೊಟ್ಟಿ ತಿಂದ ನನ್ನ ಹಲ್ಲ ಹೋದ್ವು. ಇದು ಇನ್ನೇನ ಕಸ್ಕೊಂತೈತೋ ಯಪ್ಪಾ," ಎಂದಳು ಅವ್ವ.

ಬಚ್ಚಲ ನೀರನ್ನು ಅದರ ಬುಡಕ್ಕೆ ತಿರುಗಿಸಿದೆ. ಬೇಸಿಗೆಗೆ ಗೋಣಿತಾಟಿನ ಚಪ್ಪರ ಕಟ್ಟಿದೆ. "ನನಗೊಂದು ನಿಂಬಿ ಗಿಡ ಹಚ್ರಿ ಅಂದ್ರ ಜಾಗ ಇಲ್ಲ ಅಂತೀರಿ, ಇದಕ್ಕ ನೋಡ್ರಿ ಮದುವಿ ಹಂದರ!" ಎಂದು ಹೆಂಡತಿ ಪಾರ್ವತಿ ವರ್ಷಕ್ಕೊಮ್ಮೆ ನೆನಪಿಸುತ್ತಿದ್ದಳು.

ಏಳನೆಯ ವರ್ಷ, ನಮ್ಮ ಬಿಸಿಲಿಗೆ ಸೋಲದೆ, ಗಿಡ ಎರಡೇ ಎರಡು ಹಣ್ಣು ಬಿಟ್ಟಿತು. ಅವು ಕೆಂಪೇರಿದ ಮರುದಿನವೇ ಒಂದು ಮಾಯವಾಯಿತು. ಗಿಳಿಗಳ ಮೇಲೆ ಆರೋಪ ಹೊರಿಸಿ ಕಡತ ಮುಚ್ಚಿದೆ. ಗಿಡದ ಮೊದಲ ಹಣ್ಣನ್ನು ಓಣಿಯ ಹಿರಿಯರಿಗೆ ಒಪ್ಪಿಸುವುದು ನಮ್ಮಲ್ಲಿ ರೂಢಿ. ಹಿರಿಯರಿಗೆ ಮೆತ್ತನೆಯದನ್ನು ಕೊಡುವುದುಂಟೇ? ಉಳಿದೊಂದನ್ನು ಕಲ್ಲಿನಂತಿರುವಾಗಲೇ ಕೊಯ್ದು, ಪಕ್ಕದ ಮನೆಯ, ಕಂದಾಯ ಇಲಾಖೆಯ ನಿವೃತ್ತ ಗಿರ್ದಾವರ ಬಸಪ್ಪನವರ ಕೈಗೆ ಸಮರ್ಪಿಸಿದೆ.

ಅವರು ಕಚ್ಚಿದರು. ನಾಲಿಗೆಗೆ ಒಗರು ಬೀಗ ಜಡಿಯಿತು. ಮೂರು ತಂಬಿಗೆ ನೀರಾದ ಮೇಲೆ ತೀರ್ಪು ಹೊರಬಿತ್ತು: "ಬೇರ ಸಮೇತ ಕಡಸ್ರಿ, ಮಾಸ್ತರ!"

ಪಾರ್ವತಿ ಅನುಮೋದಿಸಿದಳು. ಗಿಡದೊಂದಿಗೆ ನನ್ನ ಏಳು ವರ್ಷಗಳೂ ಉರುಳುತ್ತವೆಂಬ ಸಂಕಟದಿಂದ ಸಬೂಬು ಹೇಳುತ್ತ ಹದಿನೈದು ದಿನ ತಳ್ಳಿದೆ. ಕಡೆಗೆ ಕೊಡಲಿಯ ಹನುಮಪ್ಪ ಬಂದು ಧೋತರ ಎತ್ತಿ ಕಟ್ಟಿ ನಿಂತ.

"ತಡಿಯೋ ಹನುಮಪ್ಪಾ!" ಅವ್ವ ಒಳಗಿನಿಂದ ಬಂದಳು. ಅಂಗೈಯಲ್ಲಿ ಪರ್ಸಿಮನ್, ಮುಟ್ಟಿದರೆ ಒಡೆಯುವಷ್ಟು ಮೆತ್ತಗೆ. ಗಿಳಿಗಳು ನಿರಪರಾಧಿಗಳು. ಹಣ್ಣಾಗಲೆಂದು ಸೀತಾಫಲವನ್ನು ಹೂಳುವಂತೆ ಅವಳು ಅದನ್ನು ಜೋಳದ ಚೀಲದಲ್ಲಿ ಹೂತಿಟ್ಟಿದ್ದಳು.

"ಅವ್ವಾ, ಅದು ಕೊಳತೈತಿ."

"ಕೊಳತಿಲ್ಲೋ, ಹಣ್ಣಾಗೈತಿ. ನೀವು ಯಾವುದನ್ನರ ಹಣ್ಣಾಗಾಕ ಬಿಟ್ಟೀರೇನು?" ಎಂದು ಹಲ್ಲಿಲ್ಲದ ಬಾಯಿಯಿಂದ ಅರ್ಧ ಹೀರಿ, ಕಣ್ಣು ಮುಚ್ಚಿ ಕೂತುಬಿಟ್ಟಳು. ಹನುಮಪ್ಪ ಕೊಡಲಿಯನ್ನು ಗೋಡೆಗೆ ಒರಗಿಸಿ ಚಹಾಕ್ಕೆ ಕಾದ. ಏಳು ವರ್ಷ ತಾಳಿದವನು ಹದಿನೈದು ದಿನ ತಾಳದೆ ಹೋದದ್ದಕ್ಕೆ ಹಿರಿಯರ ಮೇಲಿನ ಗೌರವವೆಂದು ಹೆಸರಿಟ್ಟುಕೊಂಡಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಉಳಿದರ್ಧವನ್ನು ಬಟ್ಟಲಲ್ಲಿಟ್ಟು ಬಸಪ್ಪನವರ ಮನೆಗೆ ಹೋದೆ. ನನ್ನನ್ನು ಕಂಡೊಡನೆ ಅವರು ಬಾಯಿಗೆ ಕೈ ಅಡ್ಡ ಹಿಡಿದರು. ಬಹಳ ಹೊತ್ತು ಬೇಡಿಕೊಂಡ ಮೇಲೆ ಒಂದು ಚಮಚ ನಾಲಿಗೆಗಿಟ್ಟು, ಬಟ್ಟಲನ್ನು ತಮ್ಮತ್ತ ಎಳೆದುಕೊಂಡರು.

"ಇದು ಬ್ಯಾರೆ ಗಿಡದ್ದೇನ್ರಿ ಮಾಸ್ತರ?"

"ಅದ ಗಿಡದ್ದರೀ, ಹದಿನೈದು ದಿನ ಹಿರೀದು ಅಷ್ಟ."